ಕೆಂಪು ನಲ್ಲಿಯ ತಣ್ಣೀರು

ಚಳಿಗಾಲದ ದುಬೈಯಲ್ಲಿ ಸುಖಪಡುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಬೇಸಗೆಯ ದುಬೈಯಲ್ಲಿ ಸುಖಪಡುವುದು ಮಾತ್ರ ಒಂದು ವಿದ್ಯೆ, ಅದು ಗುರುಮುಖದಿಂದಲೇ ಬರಬೇಕು ಎಂದು ಸ್ವರ್ಣಲತಾ ಹೇಳುವುದಿತ್ತು. ಆ ಗುರು ಯಾರೆಂದು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಲ್ ನಹ್ದಾದ ಆ ಕಟ್ಟಡದಲ್ಲಿ ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಮದುವೆಯಾಗಿ ಮೋಹನದಾಸನ ಹಿಂದೆ ಪಡುಬಿದ್ರಿಯಿಂದ ಬಂದ ಮೇಲೆ ಅವಳು ಇಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಬೇಸಗೆ ಕಳೆದಿದ್ದಳು. ಯಾವ ಹೊತ್ತಿಗೆ ಯಾವ ಕಟ್ಟಡದ ನೆರಳು ಬೀದಿಯ ಯಾವ ಬದಿಗೆ ಬೀಳುತ್ತದೆ, ಮಸೀದಿಯ ಗೋಡೆ ಹಿಡಿದು ಹೊರಟರೆ ತಲೆಗೆ ಬಿಸಿಲು ತಾಗದೆ ಹಣ್ಣಿನ ಅಂಗಡಿಗೆ ಹೇಗೆ ಮುಟ್ಟಬಹುದು, ಯಾವ ಬಸ್ಸಿನಲ್ಲಿ ತಣ್ಣಗೆ ಕೂತರೆ ಊರಿಡೀ ನೋಡಿ ಮತ್ತೆ ಮನೆಯ ಹತ್ತಿರವೇ ಇಳಿಯಬಹುದು, ಅಬ್ರಾ ಎನ್ನುವ ದೋಣಿಯಲ್ಲಿ ಊರ ನಡುವಿನ ಕಡಲ ಖಾಡಿ ದಾಟುವಾಗ ಯಾವ ಬದಿಯ ಹಲಗೆಯಲ್ಲಿ ಕೂತರೆ ಗಾಳಿ ಮುಖಕ್ಕೆ ಬರುತ್ತದೆ, ಈ ಸೆಕೆಯಲ್ಲೂ ಶಾಪಿಂಗ್ ಮಾಲ್‌ಗೆ ಹೋಗುವಾಗ ಶಾಲು ಯಾಕೆ ಬೇಕು, ಹಸಿ ಖರ್ಜೂರ ಯಾವಾಗ ಸಿಹಿಗೂಡುತ್ತದೆ, ಎಲ್ಲವೂ ಅವಳ ನಾಲಗೆಯ ತುದಿಯಲ್ಲಿ. ಶಾಲೆಗೆ ರಜೆ ಸಿಕ್ಕಿದ ಕೂಡಲೇ ಇಲ್ಲಿಯವರು ಊರಿಗೆ ಓಡುತ್ತಾರೆ, ಅತ್ತಣಿಂದ ಬರುವ ವಿಮಾನಗಳು ಖಾಲಿ ಬರುತ್ತವೆ. ಆಗ ಊರಿನ ಅಮ್ಮಂದಿರು, ಚಿಕ್ಕಮ್ಮಂದಿರು ವಿಸಿಟ್ ವೀಸಾದಲ್ಲಿ ಬಂದಿಳಿಯುತ್ತಾರೆ. ಅವರಿಗೆಲ್ಲ ಊರು ತೋರಿಸುವವಳು ಸ್ವರ್ಣ. ಅದು ಅವಳಿಗೆ ಸೇವೆಯೂ ಹೌದು, ಪಟ್ಟವೂ ಹೌದು.

ಆ ಪಟ್ಟಕ್ಕೆ ಈ ವರ್ಷ ಕೈ ಹಾಕಿದವಳು ಎದುರು ಫ್ಲ್ಯಾಟಿನ ಶರ್ಮಿಳಾ.

ಶರ್ಮಿಳಾ ಮೂಲ್ಕಿಯವಳು, ದುಬೈಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಪುರಂದರ ಕಡಲಿನ ಎಣ್ಣೆಬಾವಿಯಲ್ಲಿ ಕೆಲಸಕ್ಕಿದ್ದವನು, ವಾರಗಟ್ಟಲೆ ಅಲ್ಲೇ ಇರುತ್ತಿದ್ದ. ಇವಳು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ದುಡಿಯುವವಳು, ಕಾರು ಓಡಿಸಲು ಬಲ್ಲವಳು. ಏಪ್ರಿಲ್ ತಿಂಗಳಿಡೀ ಸಂಜೆಯಾದರೆ ಸ್ವರ್ಣಳ ಅಡುಗೆಮನೆಯ ಬಾಗಿಲಿಗೆ ಒರಗಿ, "ಸ್ವರ್ಣಕ್ಕ, ಬೇಸಗೆಯಲ್ಲಿ ಇಲ್ಲಿ ಎಂತ ಮಾಡುವುದು? ಸತ್ತೇ ಹೋಗ್ತೇನಾ ಅಂತ!" ಎಂದು ಕೇಳುತ್ತಿದ್ದಳು. ಸ್ವರ್ಣ ಬಂಗುಡೆಯನ್ನು ಬಾಣಲೆಗೆ ಬಿಡುತ್ತಾ ಎಲ್ಲವನ್ನೂ ಹೇಳಿದಳು. ಕೇಳುವ ಕಿವಿ ಸಿಕ್ಕಿದರೆ ಯಾರಿಗೆ ಖುಷಿಯಾಗುವುದಿಲ್ಲ?

ಮೇ ಕೊನೆಯಲ್ಲಿ ಒಂದು ದಿನ ಮಗಳು ಸಮೀಕ್ಷಾ ಫೋನು ಹಿಡಿದುಕೊಂಡು ಬಂದಳು. ಪರದೆಯಲ್ಲಿ ಶರ್ಮಿಳಾ ತಂಪು ಕನ್ನಡಕ ಹಾಕಿಕೊಂಡು ನಗುತ್ತಿದ್ದಳು. "ಫ್ರೆಂಡ್ಸ್, ದುಬೈಯ ಬೇಸಗೆಗೆ ಹೆದರಬೇಡಿ. ಚಳಿಗಾಲದಲ್ಲಿ ಸುಖಪಡ್ಲಿಕ್ಕೆ ಯಾರೂ ಕಲಿಸಬೇಕಂತ ಇಲ್ಲ..."

"ಅಮ್ಮ, ದಿಸ್ ಈಸ್ ಟೋಟಲಿ ಯೂ!" ಎಂದು ಸಮೀಕ್ಷಾ ನಕ್ಕಳು.

ನೆರಳಿನ ದಾರಿ, ಬಸ್ಸು, ಅಬ್ರಾದ ಹಲಗೆ, ಶಾಲು, ಒಂದೂ ಬಿಟ್ಟಿರಲಿಲ್ಲ. ರಾಸ್ ಅಲ್ ಖೋರಿನ ಗ್ಯಾರೇಜಿನಿಂದ ಆಗಷ್ಟೇ ಬಂದಿದ್ದ ಮೋಹನದಾಸ ಬೆವರಿದ ಅಂಗಿ ಬಿಚ್ಚುತ್ತಾ, "ಒಳ್ಳೆಯದೇ ಆಯ್ತಲ್ಲ ಮಾರಾಯ್ತಿ, ನಿನ್ನ ಮಾತು ಊರೆಲ್ಲ ಕೇಳ್ತದೆ" ಎಂದ.

"ಮಾತು ನನ್ನದು. ಮುಖ ಯಾರದ್ದು?" ಎಂದಳು ಸ್ವರ್ಣ.

ವಿಡಿಯೋದ ಕೊನೆಯಲ್ಲಿ ಶರ್ಮಿಳಾ ತನ್ನದೇ ಒಂದು ಉಪಾಯ ಸೇರಿಸಿದ್ದಳು. ಸ್ನಾನಕ್ಕೆ ನೀರು ಕುದಿಯುತ್ತಿದ್ದರೆ ಬಕೆಟಿಗೆ ಐಸ್ ಹಾಕಿಕೊಳ್ಳಿ ಎಂದು. ಅದನ್ನು ಕೇಳಿ ಸ್ವರ್ಣಳಿಗೆ ಮೊದಲ ಸಲ ನಗು ಬಂತು, ಒಳಗೊಳಗೇ. ಯಾಕೆಂದರೆ ಜೂನ್ ಬಂದರೆ ಇಲ್ಲಿ ಮಾಳಿಗೆಯ ಮೇಲಿನ ಟಾಂಕಿಗಳು ಬಿಸಿಲಿಗೆ ಕಾದು, ತಣ್ಣೀರಿನ ನೀಲಿ ನಲ್ಲಿಯಲ್ಲಿ ಸುಡುನೀರು ಬರುತ್ತದೆ. ಬಲ್ಲವರು ಬೇಸಗೆಯ ಮೊದಲಿಗೇ ಹೀಟರಿನ ಸ್ವಿಚ್ಚನ್ನು ಆರಿಸಿಬಿಡುತ್ತಾರೆ. ಬಚ್ಚಲಿನ ಅಟ್ಟದಲ್ಲಿ, ಎಸಿಯ ತಂಪಿನಲ್ಲಿ ಕೂತ ಹೀಟರಿನ ಹೊಟ್ಟೆಯಲ್ಲಿ ನೀರು ಮೆಲ್ಲಗೆ ಆರಿ ತಣ್ಣಗಾಗುತ್ತದೆ. ಆಮೇಲೆ ಮಳೆಗಾಲದ ಬಾವಿಯ ನೀರಿನಂಥ ನೀರು ಬರುವುದು ಬಿಸಿನೀರಿನ ಕೆಂಪು ನಲ್ಲಿಯಲ್ಲಿ. ಹೊಸಬರ ಮನೆಗೆ ಜೂನ್ ಮೊದಲ ವಾರ ತಾನೇ ಹೋಗಿ, ಆ ಸ್ವಿಚ್ಚನ್ನು ತನ್ನ ಕೈಯಿಂದಲೇ ಆರಿಸಿ ಬರುವುದು ಸ್ವರ್ಣ ಇಟ್ಟುಕೊಂಡಿದ್ದ ಕ್ರಮ. ಈ ವರ್ಷ ಜೂನ್ ಬಂತು. ಎದುರು ಬಾಗಿಲಿಗೆ ಅವಳು ಹೋಗಲಿಲ್ಲ.

ಅದೇ ತಿಂಗಳು ವಾರಿಜಕ್ಕ ಬಂದಳು.

ವಾರಿಜಕ್ಕ ಎಂದರೆ ಸ್ವರ್ಣಳಿಗೆ ಅಕ್ಕ ಮಾತ್ರವಲ್ಲ. ಹೆತ್ತವಳು ಬೇಗ ತೀರಿಹೋದ ಮೇಲೆ ಎಣ್ಣೆ ಹಚ್ಚಿ ಮೀಯಿಸಿದವಳು, ಜಡೆ ಹೆಣೆದವಳು, ಪೆಟ್ಟು ಕೊಟ್ಟವಳು ಅವಳೇ. ಊರಲ್ಲಿ ಮಲ್ಲಿಗೆ ಗಿಡಗಳನ್ನು ಬಿಟ್ಟು ಒಂದು ದಿನ ಕದಲದ ಹೆಂಗಸು ಇಷ್ಟು ವರ್ಷ ಕರೆದ ಮೇಲೆ ಈ ಸಲ ಒಂದು ತಿಂಗಳಿಗೆಂದು ಹೊರಟಿದ್ದಳು. ಸ್ವರ್ಣ ತಿಂಗಳ ಮೊದಲೇ ಮನಸ್ಸಿನಲ್ಲಿ ಎಲ್ಲ ಜೋಡಿಸಿಟ್ಟಿದ್ದಳು. ಮೊದಲು ಅಬ್ರಾ, ಆಮೇಲೆ ಬಸ್ಸಿನ ಸವಾರಿ, ಮತ್ತೆ ಖರ್ಜೂರದ ಅಂಗಡಿ. ಎಲ್ಲ ಮುಗಿದು ಹೊರಡುವ ಹೊತ್ತಿಗೆ ಅಕ್ಕನ ಬಾಯಿಂದ ಒಂದು ಮಾತು ಬರಬೇಕು: ನನ್ನ ತಂಗಿಯ ಊರು ಇದು.

ವಿಮಾನ ನಿಲ್ದಾಣಕ್ಕೆ ಹೋಗಲು ಮೋಹನದಾಸನಿಗೆ ಬಿಡುವಾಗಲಿಲ್ಲ. "ನಾನಿಲ್ವಾ ಸ್ವರ್ಣಕ್ಕ, ಯಲ್ಲಾ, ನಡೀರಿ, ಹೋಗುವ" ಎಂದು ಶರ್ಮಿಳಾ ಕಾರಿನ ಕೀಲಿ ಆಡಿಸುತ್ತಾ ಬಂದಳು. ಬೇಡ ಎನ್ನಲು ಸ್ವರ್ಣಳಿಗೆ ಕಾರಣ ಹೊಳೆಯಲಿಲ್ಲ. ಮನೆಗೆ ಬಂದು ಕೂತ ವಾರಿಜಕ್ಕ ಚೀಲದಿಂದ ಬಾಳೆಲೆಯ ಕಟ್ಟು ತೆಗೆದಳು. ಒಳಗೆ ತನ್ನ ಗಿಡದ್ದೇ ಮಲ್ಲಿಗೆ, ಒಂದು ಚೆಂಡು. ಇಡೀ ಕೋಣೆ ಪರಿಮಳವಾಯಿತು. ಅಕ್ಕ ಹೂವನ್ನು ಮಧ್ಯಕ್ಕೆ ತುಂಡು ಮಾಡಿ, ಅರ್ಧ ತಂಗಿಯ ಮುಡಿಗೆ ಸಿಕ್ಕಿಸಿ, ಉಳಿದರ್ಧವನ್ನು ಶರ್ಮಿಳಾಳ ಕೈಗಿಟ್ಟಳು. "ಪಾಪ, ನಮಗೋಸ್ಕರ ಅಷ್ಟು ದೂರ ಕಾರು ಬಿಟ್ಟಿದೆ ಮಗು."

ಸ್ವರ್ಣಳ ಮುಡಿಯಲ್ಲಿದ್ದ ಅರ್ಧ ಹೂವು ಆ ಕ್ಷಣದಿಂದ ಭಾರವಾಯಿತು.

ಶರ್ಮಿಳಾ ಅತ್ತ ಹೋದ ಮೇಲೆ ಸ್ವರ್ಣ ಅಕ್ಕನನ್ನು ಬಚ್ಚಲಿಗೆ ಕರೆದೊಯ್ದು ನಲ್ಲಿಗಳ ಗುಟ್ಟು ಹೇಳಿಕೊಟ್ಟಳು. "ನೀಲಿಗೆ ಕೈಯಿಡಬೇಡ ಅಕ್ಕ, ಬೊಬ್ಬೆ ಬಂದೀತು. ತಣ್ಣೀರಿಗೆ ಕೆಂಪು."

"ದೇವರೇ! ನಿಮ್ಮ ಊರಲ್ಲಿ ಎಲ್ಲ ತಲೆಕೆಳಗೆ" ಎಂದು ವಾರಿಜಕ್ಕ ನಕ್ಕಳು. ಆ ನಗು ಪೂರ್ತಿಯಾಗಿ ಸ್ವರ್ಣಳದ್ದಾಗಿತ್ತು.

ಸ್ವರ್ಣಳಿಗೆ ಕೆಲಸ ಅಲ್ ಕುಸೈಸಿನ ಒಂದು ಟೈಪಿಂಗ್ ಸೆಂಟರಿನಲ್ಲಿ. ಜನರ ವೀಸಾದ ಅರ್ಜಿಗಳನ್ನು ತುಂಬಿಸಿಕೊಡುವ ಜಾಗ, ಸಂಜೆಯ ತನಕ ಎದ್ದು ಬರುವ ಹಾಗಿಲ್ಲ. ವಾರದ ಮೊದಲ ದಿನ ಸಂಜೆ ಓಡೋಡಿ ಬಂದು, "ಅಕ್ಕ, ಸೀರೆ ಬದಲಿಸು, ಅಬ್ರಾದಲ್ಲಿ ಹೋಗುವ" ಎಂದಳು.

"ಅಬ್ರಾವಾ? ಆ ದೋಣಿಯಾ? ಶರ್ಮಿಳಾ ಬೆಳಿಗ್ಗೆಯೇ ಕರ್ಕೊಂಡು ಹೋದಳಲ್ಲ. ಬಲಬದಿಯಲ್ಲಿ ಕೂತರೆ ಗಾಳಿ ಒಳ್ಳೆಯದು ಬರ್ತದಂತೆ. ಹೌದು ಮಾರಾಯ್ತಿ, ಬಂತು!"

ಸ್ವರ್ಣ ನೀರು ಕುಡಿದಳು. "ಹೌದಾ. ಅವಳಿಗೆ ಅದೆಲ್ಲ ಹೇಗೆ ಗೊತ್ತೋ" ಎಂದಳು.

"ಜಾಣೆ ಅದು. ಎಲ್ಲ ಗೊತ್ತುಂಟು ಅದಕ್ಕೆ."

ಮರುದಿನ ಬಸ್ಸಿನ ಸವಾರಿಯ ಮಾತೆತ್ತಿದಳು. ಅದೂ ಆಗಿತ್ತು, ಶಾಲು ಸಮೇತ. ಆಚೆ ದಿನ ಖರ್ಜೂರ ತಂದಳು. ಡಬ್ಬಿಯಲ್ಲಿ ಆಗಲೇ ಖರ್ಜೂರವಿತ್ತು. ಒಂದೊಂದು ಸಂಜೆಯೂ ಸ್ವರ್ಣ ತಾನು ಜೋಪಾನವಾಗಿ ತೆಗೆದಿಟ್ಟ ಒಂದೊಂದು ಗಂಟನ್ನು ಬಿಚ್ಚುವುದು, ಒಳಗೆ ಖಾಲಿ ಬಟ್ಟೆ ಮಾತ್ರ ಉಳಿದಿರುವುದು. ಕದ್ದವಳು ಹೊರಗಿನವಳೂ ಅಲ್ಲ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತವಳು. ಕದ್ದದ್ದೂ ಅಲ್ಲ, ತಾನೇ ಕೈಯೆತ್ತಿ ಕೊಟ್ಟದ್ದು. ಬೈಯಲಿಕ್ಕೂ ದಾರಿಯಿಲ್ಲದ ಹೊಟ್ಟೆಕಿಚ್ಚು ಹೇಗಿರುತ್ತದೆಂದು ಉಣ್ಣದವರಿಗೆ ಗೊತ್ತಿಲ್ಲ. ದೇವರ ಮುಂದೆ ಕೂತರೂ ಕಣ್ಣು ಮುಚ್ಚಿದೊಡನೆ ಆ ತಂಪು ಕನ್ನಡಕವೇ ಕಾಣುತ್ತಿತ್ತು.

ಒಂದು ಜಾಗ ಮಾತ್ರ ಉಳಿದಿತ್ತು. ಅದನ್ನು ಅವಳು ಶರ್ಮಿಳಾಳಿಗೆಂದಲ್ಲ, ಗಂಡನಿಗೂ ಹೇಳಿರಲಿಲ್ಲ. ಅಕ್ಕನನ್ನು ಶನಿವಾರ ಬೆಳಕು ಹರಿಯುವ ಮೊದಲು ಅಲ್ಲಿಗೆ ಕರೆದೊಯ್ಯುವುದೆಂದು ನಿಶ್ಚಯಿಸಿಕೊಂಡಳು. ಎಲ್ಲಿಗೆಂದು ಮಾತ್ರ ಬಾಯಿಬಿಡದೆ, ಶನಿವಾರ ಒಂದು ಕಡೆ ಹೋಗ್ಲಿಕ್ಕುಂಟು ಎಂದು ಅಕ್ಕನಿಗೆ ಹೇಳಿಟ್ಟಳು.

ಗುರುವಾರ ಸಂಜೆ ದೀಪ ಹಚ್ಚುವಾಗ ವಾರಿಜಕ್ಕ, "ಅಲ್ಲ ಸ್ವರ್ಣ, ಆ ಹುಡುಗಿಯ ತುಳಸಿ ಯಾಕೆ ಹಾಗೆ? ದಿನಾ ನೀರು ಹಾಕ್ತದೆ, ಸುತ್ತು ಬರ್ತದೆ. ಗಿಡ ಮಾತ್ರ ಬಾಡಿಕೊಂಡೇ ಉಂಟು. ನಿನ್ನದು ನೋಡಿದರೆ ನಳನಳಿಸ್ತಾ ಉಂಟು" ಎಂದಳು.

ನೀಲಿ ನಲ್ಲಿಯ ಸುಡುನೀರನ್ನು ನೇರವಾಗಿ ಬೇರಿಗೆ ಸುರಿದರೆ ಯಾವ ಗಿಡ ಉಳಿದೀತು? ಸ್ವರ್ಣಳಿಗೆ ಅದು ತಿಳಿದೇ ಇತ್ತು. ಬತ್ತಿಯನ್ನು ಮುಂದಕ್ಕೆ ದೂಡುತ್ತಾ, "ಬಿಸಿಲಿಗೆ" ಎಂದಳು.

ಹೇಳಿದ್ದು ದೀಪದ ಮುಂದೆ. ಒಂದು ಕಡ್ಡಿಯಷ್ಟು ಸಣ್ಣ ಸುಳ್ಳು ಎದೆಯಲ್ಲಿ ಅಡ್ಡ ಕೂತಿತು.

ಶುಕ್ರವಾರ ಶರ್ಮಿಳಾ ಬಂದಳು. "ವಾರಿಜಕ್ಕ, ನಾಳೆ ಅಬುಧಾಬಿಯ ದೇವಸ್ಥಾನಕ್ಕೆ ಹೋಗುವ. ಬನಿಯಾಸಿನಲ್ಲಿ ನನ್ನ ಅಣ್ಣ ರಂಜಿತನ ಮನೆ ಉಂಟು, ರಾತ್ರಿ ಅಲ್ಲೇ ನಿಂತು ಆದಿತ್ಯವಾರ ಬರುವ. ಸ್ವರ್ಣಕ್ಕ, ನೀವೂ ಹೊರಡಿ."

ವಾರಿಜಕ್ಕ ದೇವಸ್ಥಾನ ಎಂಬ ಮಾತಿಗೇ ಎದ್ದು ಕೂತಳು. ಸ್ವರ್ಣ ಅಕ್ಕನ ಮುಖ ನೋಡಿದಳು. ಆ ಮುಖದಲ್ಲಿ ಬಂದ ಬೆಳಕನ್ನು ತಾನು ತರಬೇಕೆಂದಿದ್ದಳು.

"ನನಗೆ ತಲೆನೋವು. ನೀವು ಹೋಗಿ ಬನ್ನಿ" ಎಂದಳು.

"ನಾಳೆಯ ತಲೆನೋವು ಇವತ್ತೇ ಬಂತಾ?" ಎಂದು ಮೋಹನದಾಸ ಪೇಪರಿನ ಹಿಂದಿನಿಂದ ಕೇಳಿದ. ಸ್ವರ್ಣ ಅವನತ್ತ ತಿರುಗಿದ ಕೂಡಲೇ ಪೇಪರು ಮತ್ತೆ ಮೇಲಕ್ಕೇರಿತು.

ಹೊರಡುವಾಗ ಶರ್ಮಿಳಾ ಮನೆಯ ಕೀಲಿ ಕೊಟ್ಟಳು. "ತುಳಸಿಗೆ ಒಂದು ಚೊಂಬು ನೀರು ಹಾಕಿ ಸ್ವರ್ಣಕ್ಕ. ಆಗಲೇ ಅರ್ಧ ಜೀವ ಅದು."

ಶನಿವಾರ ಸ್ವರ್ಣ ಕೀಲಿಯನ್ನು ಫ್ರಿಜ್ಜಿನ ಮೇಲಿಟ್ಟಳು. ಬಟ್ಟೆ ಮಡಚಿದಳು, ಬೇಡದ ಪಾತ್ರೆ ತಿಕ್ಕಿದಳು. ಮಧ್ಯಾಹ್ನದ ಹೊತ್ತಿಗೆ ಅಕ್ಕನ ಫೋಟೋ ಬಂತು. ಕಲ್ಲಿನ ಕಂಬದ ಮುಂದೆ ಅಕ್ಕ ಕೈಮುಗಿದಿದ್ದಳು. ಪಕ್ಕದಲ್ಲಿ ಶರ್ಮಿಳಾ, ಅಕ್ಕನ ಹೆಗಲಿಗೆ ತಲೆ ತಾಗಿಸಿಕೊಂಡು. ಸ್ವರ್ಣ ಫೋಟೋವನ್ನು ದೊಡ್ಡದು ಮಾಡಿ ಮಾಡಿ ಆ ಹೆಗಲನ್ನೇ ನೋಡಿದಳು. ಜ್ವರ ಬಂದಾಗ ತಾನು ಮಲಗುತ್ತಿದ್ದ ಹೆಗಲು.

ಕೀಲಿ ಅಲ್ಲೇ ಇತ್ತು. ಈ ಬಿಸಿಲಿಗೆ ಇವತ್ತು ನಾಳೆ ನೀರು ಬೀಳದಿದ್ದರೆ ಗಿಡದ ಕತೆ ಮುಗಿದ ಹಾಗೆ. ಯಾರೂ ಅವಳನ್ನು ದೂರುವುದಿಲ್ಲ. ಬಿಸಿಲಿಗೆ ಸತ್ತಿತು ಎಂದರಾಯಿತು. ಆ ಮಾತನ್ನು ಆಗಲೇ ಹೇಳಿಯೂ ಆಗಿತ್ತು.

ಸಂಜೆ ತನ್ನ ತುಳಸಿಗೆ ಸುತ್ತು ಬರುವಾಗ, ಸಣ್ಣಂದಿನಿಂದ ಬಾಯಿಗೆ ಬರುವ ಶ್ಲೋಕ ಅರ್ಧಕ್ಕೆ ನಿಂತಿತು. ಮತ್ತೆ ಮೊದಲಿನಿಂದ ಹೇಳಿದಳು. ಅಲ್ಲೇ ನಿಂತಿತು. "ಆಯ್ತಮ್ಮ, ಹೋಗ್ತೇನೆ" ಎಂದು ಗಿಡಕ್ಕೇ ಹೇಳಿ ಕೀಲಿ ತೆಗೆದುಕೊಂಡಳು.

ಶರ್ಮಿಳಾಳ ಮನೆಯಲ್ಲಿ ಸದ್ದೇ ಇರಲಿಲ್ಲ. ದೇವರ ಪಟಕ್ಕೆ ಅರ್ಧ ಚೆಂಡು ಮಲ್ಲಿಗೆ ಹಾಕಿತ್ತು, ಒಣಗಿ ಕಂದುಬಣ್ಣಕ್ಕೆ ತಿರುಗಿದ್ದರೂ ತೆಗೆದಿರಲಿಲ್ಲ. ಅವಳು ಅದನ್ನು ಮುಡಿದೇ ಇರಲಿಲ್ಲ ಎಂದಾಯಿತು. ತೊಳೆದಿಟ್ಟದ್ದು ಒಂದು ಬಟ್ಟಲು, ಒಂದು ಲೋಟ. ಬಚ್ಚಲಿನಲ್ಲಿ ಬಕೆಟಿನ ಪಕ್ಕ ಐಸಿನ ಟ್ರೇಗಳು ಸಾಲಾಗಿ ಕೂತಿದ್ದವು. ವಿಡಿಯೋಗೆಂದು ಹೇಳಿದ್ದಲ್ಲ, ನಿಜವಾಗಿಯೂ ಈ ಹುಡುಗಿ ದಿನಾ ಐಸ್ ಹಾಕಿಕೊಂಡೇ ಮೀಯುತ್ತಿದೆ. ಸ್ವರ್ಣಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಗೋಡೆಯ ಮೇಲೆ ಹೀಟರಿನ ಕೆಂಪು ದೀಪ ಉರಿಯುತ್ತಿತ್ತು. ಅಂದರೆ ಇಲ್ಲಿ ನೀಲಿಯಲ್ಲೂ ಸುಡುನೀರು, ಕೆಂಪಿನಲ್ಲೂ ಸುಡುನೀರು. ಪಾಪದ್ದು ಎಲ್ಲಿಗೆಂದು ಹೋದೀತು?

ಬಾಲ್ಕನಿಯ ಗಿಡದಲ್ಲಿ ನಾಲ್ಕಾರು ಎಲೆ ಉಳಿದಿತ್ತು. ಕುಂಡವನ್ನು ಎತ್ತಿ ಒಳಗೆ ಕಿಟಕಿಯ ಬದಿಗೆ ತಂದಿಟ್ಟಳು. ತನ್ನ ಮನೆಗೆ ಹೋಗಿ ಕೆಂಪು ನಲ್ಲಿಯಿಂದ ತಾಮ್ರದ ಚೊಂಬು ತುಂಬಿಸಿ ತಂದು ಬುಡಕ್ಕೆ ಮೆಲ್ಲಗೆ ಹೊಯ್ದಳು. ಒಣಮಣ್ಣು ನೀರನ್ನು ಎಳೆದುಕೊಳ್ಳುವ ಸದ್ದು ಕೇಳಿಸಿತು. ಹೊರಡುವಾಗ ಒಂದು ಗಳಿಗೆ ನಿಂತು, ಹೀಟರಿನ ಸ್ವಿಚ್ಚು ಆರಿಸಿದಳು. ಹೊಟ್ಟೆಯ ಉರಿ ಹೋಗಿತ್ತೆಂದಲ್ಲ. ಫೋಟೋದ ಹೆಗಲು ಕಣ್ಣಲ್ಲಿ ಹಾಗೆಯೇ ಇತ್ತು. ಉರಿಯನ್ನು ಗಿಡದ ಬುಡಕ್ಕೆ ಸುರಿಯಲು ಮಾತ್ರ ಕೈ ಬರಲಿಲ್ಲ.

ಆದಿತ್ಯವಾರ ಸಂಜೆ ಅಕ್ಕ ಪ್ರಸಾದದ ಪೊಟ್ಟಣದೊಂದಿಗೆ ಬಂದು ಸೋಫಾದಲ್ಲಿ ಕಾಲು ಚಾಚಿದಳು. ಅವಳು ಚಾ ಮುಗಿಸುವ ಮೊದಲೇ ಶರ್ಮಿಳಾ ಬಾಗಿಲು ತಳ್ಳಿಕೊಂಡು ಓಡಿಬಂದಳು.

"ಸ್ವರ್ಣಕ್ಕ, ನಮ್ಮ ಹೀಟರ್ ಖಲಾಸ್! ಕೆಂಪು ನಲ್ಲಿಯಲ್ಲಿ ತಣ್ಣೀರು ಬರ್ತಾ ಉಂಟು. ವಾಚ್‌ಮನ್‌ಗೆ ಫೋನ್ ಮಾಡ್ಲಾ?"

ವಾರಿಜಕ್ಕ ಬಾಯಲ್ಲಿದ್ದ ಚಾ ಉಗುಳುವಷ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ ತಂಗಿಯನ್ನು ನೋಡಿದಳು. "ನೀನು ಇದಕ್ಕೆ ನಲ್ಲಿಯ ವಿಷಯ ಹೇಳಲೇ ಇಲ್ವಾ ಸ್ವರ್ಣ?"

"ಇಲ್ಲ."

"ಮರೆತದ್ದಾ?"

ಅಕ್ಕ ತಪ್ಪಿಸಿಕೊಳ್ಳಲು ಬಾಗಿಲು ತೆರೆದುಕೊಟ್ಟಿದ್ದಳು. ಒಂದು ಹೂಂ ಅಂದರೆ ಸಾಕಿತ್ತು. ಆದರೆ ದೇವರ ಕೋಣೆಯ ದೀಪ ಇನ್ನೂ ಉರಿಯುತ್ತಿತ್ತು.

"ಮರೆತದ್ದಲ್ಲ" ಎಂದಳು ಸ್ವರ್ಣ. ಮತ್ತೆ ಶರ್ಮಿಳಾಳಿಗೆ ಹೀಟರಿನ ವಿಷಯವನ್ನು ಮೊದಲಿನಿಂದ ಕೊನೆಯ ತನಕ ಬಿಡಿಸಿ ಹೇಳಿದಳು, ತುಳಸಿಯದ್ದನ್ನೂ ಸೇರಿಸಿ.

ಶರ್ಮಿಳಾ ಗೋಡೆಗೆ ಒರಗಿದಳು. "ಮತ್ತೆ ನಾನು ಐಸ್ ಹಾಕಿ ಅಂತ ಊರಿಗೆಲ್ಲ ಹೇಳಿದ್ದು?"

"ನೋಡಿದೆ."

"ನೋಡಿ?"

"ನಕ್ಕೆ."

"ಅಬ್ಬ ಸ್ವರ್ಣಕ್ಕ! ಯಾಕೆ, ನಾನು ಎಂತ ಮಾಡಿದೆ ನಿಮಗೆ?"

"ನನಗೆ ಹೊಟ್ಟೆಕಿಚ್ಚು ಮಾರಾಯ್ತಿ. ನಾನು ಹೇಳಿದ್ದನ್ನೇ ಹೇಳಿ ನಿನಗೆ ಹೆಸರು. ನನ್ನ ಅಕ್ಕನಿಗೆ ನಾನು ತೋರಿಸ್ಬೇಕಂತ ಇಟ್ಟದ್ದನ್ನೆಲ್ಲ ನೀನು ತೋರಿಸಿ ಮುಗಿಸಿದೆ. ನನ್ನ ಹತ್ರ ಉಳಿದದ್ದು ಆ ಒಂದು ನಲ್ಲಿ."

ಒಳಕೋಣೆಯಿಂದ ಸಮೀಕ್ಷಾ ಇಣುಕಿ, "ಓ ಮೈ ಗಾಡ್, ಅಮ್ಮ" ಎಂದು ಪಿಸುಗುಟ್ಟಿ ಮತ್ತೆ ಒಳಗೆ ಸೇರಿಕೊಂಡಳು.

ಶರ್ಮಿಳಾಳ ಕಣ್ಣು ಒದ್ದೆಯಾಗಿತ್ತು, ಮೂಗು ಕೆಂಪಾಗಿತ್ತು. ಆದರೆ ಬಂದ ಮಾತು ಬೇರೆಯೇ. "ನಿಮಗೆಂತ ಹೊಟ್ಟೆಕಿಚ್ಚು? ನಾನು ಪಡಬೇಕಾದದ್ದು. ಈ ವಾರಿಜಕ್ಕ ಅಬುಧಾಬಿಯ ದಾರಿಯಿಡೀ ನಿಮ್ಮ ಪುರಾಣವೇ ಹೇಳಿದ್ದು. ಸ್ವರ್ಣನಿಗೆ ಇದು ಇಷ್ಟ, ಸ್ವರ್ಣನಿಗೆ ಅದು ಆಗ್ಲಿಕ್ಕಿಲ್ಲ. ಇವರ ಮದುವೆಯ ದಿನ ನೀವು ಇವರ ಚಪ್ಪಲಿಯನ್ನು ಬಾವಿಗೆ ಹಾಕಿದ್ದು ಸಹ ಕೇಳಿ ಆಯ್ತು. ಬನಿಯಾಸ್ ಮುಟ್ಟುವಾಗ ಸಾಕೋ ಸಾಕಾಗಿತ್ತು ನನಗೆ."

"ಒಂದೇ ಚಪ್ಪಲಿ" ಎಂದಳು ವಾರಿಜಕ್ಕ. "ಒಂದು ಹಾಕಿದರೆ ಸಾಕು, ಅಕ್ಕ ಗಂಡನ ಮನೆಗೆ ಹೋಗ್ಲಿಕ್ಕಿಲ್ಲ ಅಂತ ಲೆಕ್ಕ ಇದರದ್ದು. ಬರಿಗಾಲಲ್ಲೇ ಹೋದೆ ನಾನು. ಆಗಲೂ ಇದೇ ಮುಖ, ನೋಡು."

ಸ್ವರ್ಣಳಿಗೆ ಅಳುವೂ ನಗುವೂ ಒಟ್ಟಿಗೇ ಬಂದು, ಯಾವುದೂ ಸರಿಯಾಗಿ ಬರಲಿಲ್ಲ. ಎದ್ದು ಹೋಗಿ ಶರ್ಮಿಳಾಳಿಗೂ ಒಂದು ಲೋಟ ಚಾ ತಂದಳು. ಶರ್ಮಿಳಾ ಒಂದು ಗುಟುಕು ಕುಡಿದು, "ಸಕ್ಕರೆ ಹಾಕಲಿಲ್ಲ. ಅದೂ ಹೊಟ್ಟೆಕಿಚ್ಚಿಗಾ?" ಎಂದಳು. ಅದು ಮಾತ್ರ ನಿಜವಾಗಿಯೂ ಮರೆತದ್ದಾಗಿತ್ತು.

ಶರ್ಮಿಳಾ ಹೊರಡುವ ಮೊದಲು ವಾರಿಜಕ್ಕ ತಂಗಿಯನ್ನು ಕೇಳಿದಳು. "ಶನಿವಾರ ನನ್ನನ್ನು ಎಲ್ಲಿಗೋ ಕರ್ಕೊಂಡು ಹೋಗ್ಲಿಕ್ಕಿತ್ತಲ್ಲ ನಿನಗೆ? ನಾಳೆ ಬೆಳಿಗ್ಗೆ ಹೋಗುವನಾ?"

"ಎಲ್ಲಿಗೆ ಸ್ವರ್ಣಕ್ಕ? ನಾನೂ ಬರ್ತೇನೆ, ಕಾರು ತೆಗೀತೇನೆ" ಎಂದಳು ಶರ್ಮಿಳಾ.

"ಬೇಡ" ಎಂದಳು ಸ್ವರ್ಣ. "ಅದನ್ನು ನಾನು ಹೇಳುವುದಿಲ್ಲ."

ಶರ್ಮಿಳಾ ಎದ್ದು ನಿಂತಳು. "ಸರಿ ಹೋಗಿ. ನನ್ನ ತುಳಸಿಯನ್ನಾದರೂ ನೋಡಿಕೊಂಡಿರಲ್ಲ" ಎನ್ನುತ್ತಾ ಖಾಲಿ ಲೋಟವನ್ನು ತಾನೇ ತೊಳೆದಿಟ್ಟು ಹೋದಳು.

ಮರುದಿನ ಇನ್ನೂ ಬೆಳಕು ಮೂಡುವ ಮೊದಲು ಅಕ್ಕ ತಂಗಿ ಟ್ಯಾಕ್ಸಿ ಹಿಡಿದು ಮಮ್ಜಾರಿನ ಕಡಲ ದಂಡೆಗೆ ಬಂದಿಳಿದರು. ದಂಡೆಯ ಒಂದು ಮೂಲೆಯಲ್ಲಿ, ಖರ್ಜೂರದ ಮರಗಳ ಹಿಂದೆ ಒಂದು ಬೆಂಚು. ಹಗಲಿನಲ್ಲಿ ಅಲ್ಲಿ ಕೂತರೆ ಮೈ ಬೇಯುತ್ತದೆ. ಆದರೆ ಈ ಹೊತ್ತಿಗೆ ನೀರಿನ ಮೇಲಿಂದ ಒಂದು ಗಾಳಿ ಬರುತ್ತದೆ. ಬಿಸಿಲು ಹುಟ್ಟಿದೊಡನೆ ಬಂದ ಹಾಗೇ ಹೋಗಿಬಿಡುತ್ತದೆ. ಈಚೆಯ ದಂಡೆಯ ಮಸೀದಿಯಲ್ಲಿ ಬಾಂಗು ಎದ್ದಿತು. ಅದು ಮುಗಿಯುವ ಮೊದಲು ನೀರಿನಾಚೆ ಶಾರ್ಜಾದಿಂದ ಇನ್ನೊಂದು ಎದ್ದಿತು. ನಡುವೆ ಕಪ್ಪು ನೀರು ಎರಡನ್ನೂ ಕೇಳುತ್ತಾ ಸುಮ್ಮನೆ ಬಿದ್ದುಕೊಂಡಿತ್ತು. ವಾರಿಜಕ್ಕ ಸೆರಗು ಹೊದ್ದು ಕೈಮುಗಿದಳು.

"ಬಂದ ಮೊದಲ ವರ್ಷ ನಿನ್ನ ನೆನಪಾದಾಗೆಲ್ಲ ಇಲ್ಲಿ ಬಂದು ಕೂರ್ತಿದ್ದೆ" ಎಂದಳು ಸ್ವರ್ಣ. "ಈ ನೀರೇ ಸುತ್ತಿ ಸುತ್ತಿ ಪಡುಬಿದ್ರಿಗೆ ಹೋಗ್ತದಲ್ಲ ಅಂತ."

ವಾರಿಜಕ್ಕ ಎದ್ದಳು. ಚಪ್ಪಲಿ ಕಳಚಿ, ಅವೆರಡನ್ನೂ ಬೆಂಚಿನ ಮೇಲೆ ತಂಗಿಯಿಂದ ದೂರಕ್ಕೆ ಇಟ್ಟು, ಸೀರೆ ಎತ್ತಿಕೊಂಡು ನೀರಿಗಿಳಿದಳು. ಇಳಿದವಳೇ ಹೌಹಾರಿ ತಿರುಗಿ ನೋಡಿದಳು.

"ಸ್ವರ್ಣಾ! ಬಿಸಿ! ಕಡಲಿಗೂ ನೀಲಿ ನಲ್ಲಿಯದ್ದೇ ನೀರು ಬಿಟ್ಟಿದ್ದಾರಾ ನಿನ್ನ ಊರಲ್ಲಿ?"

ಸ್ವರ್ಣ ನಕ್ಕುಬಿಟ್ಟಳು. ಅಕ್ಕ ಕೊನೆಗೆ ಆಡಿದ ‘ನಿನ್ನ ಊರಲ್ಲಿ’ ಎಂಬ ಎರಡು ಪದಗಳನ್ನು ಮಾತ್ರ ಮಡಚಿ ಒಳಗಿಟ್ಟುಕೊಂಡಳು, ಯಾರಿಗೂ ಕೊಡದೆ.